ಸೈಕಲ್ ಕೊಟ್ಟಿರಿ ಸರಿ, ಮಳೆಗೆ ಏನು ಹಾಕ್ಕೊಳ್ಳೋದು?

ಪ್ರತಿ ಜೂನಿನಲ್ಲೂ ನಮ್ಮ ಜಿಲ್ಲಾ ಪುಟಗಳಲ್ಲಿ ಒಂದು ಫೋಟೊ ಬರುತ್ತದೆ. ನಾಲ್ಕೈದು ಹೈಸ್ಕೂಲು ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಿರುತ್ತಾರೆ. ಹಿಂದೆ ನಾಟಿಗೆ ಹದವಾದ ಗದ್ದೆ, ಮೇಲೆ ಕಪ್ಪು ಮೋಡ. ಕೆಳಗೆ ‘ಮಳೆಯ ಸಂಭ್ರಮ’ ಅಂತ ಒಂದು ಸಾಲು. ಅಂಥದೊಂದು ಫೋಟೊ ನಾನೂ ತೆಗೆದಿದ್ದೇನೆ. ದಾಂಡೇಲಿಯಿಂದ ಹಳಿಯಾಳಕ್ಕೆ ಬರುವ ರಸ್ತೆಯಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಡೆಸ್ಕಿನವರು ಮೆಚ್ಚಿ ಮೂರು ಕಾಲಂ ಹಾಕಿದ್ದರು. ಆ ಕಟಿಂಗ್ ಈಗಲೂ ನನ್ನ ಫೈಲಿನಲ್ಲಿದೆ.

ಮೊನ್ನೆ ಅದನ್ನು ಮತ್ತೆ ನೋಡಿದೆ. ಮುಂದಿನ ಹುಡುಗಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಛತ್ರಿ ಹಿಡಿದಿದ್ದಾಳೆ. ಬ್ರೇಕ್ ಹಿಡಿಯಲು ಕೈಯಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಾಳೆ. ಚೂಡಿದಾರದ ಕಾಲು ಮೊಣಕಾಲಿನವರೆಗೆ ಒದ್ದೆ. ಅವಳ ಹಿಂದಿನವಳ ತಲೆಯ ಮೇಲೆ ಏನೂ ಇಲ್ಲ, ಆದರೆ ಕ್ಯಾರಿಯರ್ ಮೇಲಿನ ಪಾಟಿಚೀಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿದೆ. ಪುಸ್ತಕ ನೆನೆಯಬಾರದು, ಹುಡುಗಿ ನೆನೆದರೆ ನಡೆಯುತ್ತದೆ. ಇದಕ್ಕೆ ನಾನು ಸಂಭ್ರಮ ಅಂತ ಬರೆದೆ. ಬರೆಯುವಾಗ ನಾನೇ ಆ ಸೈಕಲ್ ತುಳಿದವಳು ಅನ್ನುವುದು ನೆನಪಾಗಲಿಲ್ಲ.

ಹಾಗಾಗಿ ಈ ಬರಹದ ಮೊದಲ ಬೈಗುಳ ನನಗೇ ಇರಲಿ. ಉಳಿದದ್ದನ್ನು ಹಂಚುತ್ತೇನೆ.

ಸರ್ಕಾರ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಒಳ್ಳೆಯ ಯೋಜನೆ. ಅದನ್ನು ಆಡಿಕೊಳ್ಳುವ ಪೈಕಿ ನಾನಲ್ಲ. ಆ ಸೈಕಲ್ ಇಲ್ಲದಿದ್ದರೆ ನಾನು ಎಂಟನೇ ಇಯತ್ತೆ ದಾಟುತ್ತಿದ್ದೆನೋ ಇಲ್ಲವೋ. ಜೊತೆಗೆ ಎರಡು ಜೊತೆ ಸಮವಸ್ತ್ರ, ಪಠ್ಯಪುಸ್ತಕ, ಆಮೇಲೆ ಬಂದ ಶೂ ಮತ್ತು ಸಾಕ್ಸು. ಪಟ್ಟಿಯನ್ನು ಇನ್ನೊಮ್ಮೆ ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಜಿಲ್ಲೆಗೂ ಇದೇ ಪಟ್ಟಿ, ಬಿಸಿಲಿನ ರಾಯಚೂರಿಗೂ ಇದೇ ಪಟ್ಟಿ. ಅಷ್ಟೇಕೆ, ನಮ್ಮಲ್ಲೇ ಕ್ಯಾಸಲ್‌ರಾಕ್‌ನ ಮಳೆಗೂ ಮುಂಡಗೋಡದ ಮಳೆಗೂ ಅಜಗಜಾಂತರ. ಬೆಂಗಳೂರಿನಲ್ಲಿ ಕೂತು ಪಟ್ಟಿ ಮಾಡಿದವರಿಗೆ ಮಳೆ ಅಂದರೆ ಸಂಜೆ ಹೊತ್ತು ಬಂದು ಟ್ರಾಫಿಕ್ ನಿಲ್ಲಿಸಿ ಹೋಗುವಂಥದ್ದು. ಜೋಯಿಡಾದಲ್ಲಿ ಮಳೆ ಬಂದು ಹೋಗುವುದಿಲ್ಲ, ಬಂದು ಕೂರುತ್ತದೆ.

ನನಗೆ ಸೈಕಲ್ ಸಿಕ್ಕಿದ್ದು 2008ರಲ್ಲಿ. ಹಳಿಯಾಳ ತಾಲ್ಲೂಕಿನ ನಮ್ಮೂರಿನಿಂದ ಹೈಸ್ಕೂಲಿಗೆ ಆರು ಕಿಲೋಮೀಟರು. ಎರಡು ಏರು, ಒಂದು ಹಳ್ಳ, ಮಧ್ಯೆ ಸಾಗವಾನಿ ಪ್ಲಾಂಟೇಶನ್. ನಾವು ಏಳು ಹುಡುಗಿಯರು ಒಟ್ಟಿಗೆ ಹೊರಡುತ್ತಿದ್ದೆವು. ಶಾಲೆ ಮುಟ್ಟುವಷ್ಟರಲ್ಲಿ ಒಳಬಟ್ಟೆಯೂ ಒದ್ದೆ. ಹಾಗೇ ಬೆಂಚಿನ ಮೇಲೆ ಕೂತರೆ ಸಂಜೆ ನಾಲ್ಕೂವರೆಯವರೆಗೆ ಅದೇ ಬಟ್ಟೆ. ಮೈಯ ಬಿಸಿಗೆ ಅದು ಒಣಗಬೇಕು. ಒಣಗುವ ಹೊತ್ತಿಗೆ ಮತ್ತೆ ಹೊರಡುವ ಹೊತ್ತು.

ಸಮವಸ್ತ್ರ ಎರಡು ಜೊತೆ ಅಂದೆನಲ್ಲ. ಜುಲೈಯಲ್ಲಿ ನಮ್ಮ ಕಡೆ ಬಟ್ಟೆ ಒಣಗಲು ಎರಡು ದಿನವೂ ಸಾಲದು. ಅವ್ವ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದಳು. ಹಾಗಾಗಿ ಮಳೆಗಾಲ ಪೂರ್ತಿ ನಾವೆಲ್ಲ ಹೊಗೆ ವಾಸನೆ. ಪೇಟೆಯ ಹುಡುಗಿಯರು ನಮ್ಮ ಪಕ್ಕ ಕೂರುವಾಗ ಸ್ವಲ್ಪ ಸರಿಯುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಮುಟ್ಟಿನ ದಿನ ಒದ್ದೆ ಸೀಟಿನ ಮೇಲೆ ಆರು ಕಿಲೋಮೀಟರು, ಆಮೇಲೆ ಒದ್ದೆ ಬಟ್ಟೆಯಲ್ಲಿ ಆರು ತಾಸು. ಇದನ್ನು ಯಾವ ಫೋಟೊದ ಅಡಿಬರಹದಲ್ಲಿ ಬರೆಯುವುದು? ‘ಶುಚಿ’ ಯೋಜನೆಯಲ್ಲಿ ಪ್ಯಾಡ್ ಕೊಟ್ಟರು, ಒಪ್ಪಿದೆ. ಮಳೆಯಲ್ಲಿ ನೆನೆದ ಪ್ಯಾಡ್ ಏನಾಗುತ್ತದೆ ಎಂದು ಯಾರನ್ನಾದರೂ ಕೇಳಿದ್ದಾರಾ?

ಆ ಏಳು ಜನರಲ್ಲಿ ಇಬ್ಬರು ಆಗಸ್ಟಿನ ಹೊತ್ತಿಗೆ ವಾರಕ್ಕೆ ಎರಡು ದಿನ ಮಾತ್ರ ಬರುವವರಾದರು. ಒಬ್ಬಳಿಗೆ ಜ್ವರ ಬಂದು ಕೆಮ್ಮು ನಿಲ್ಲಲಿಲ್ಲ. ‘ಮಳಿಗಾಲ ಮುಗೀಲಿ, ಆಮ್ಯಾಲ ಹೋಗಂತಿ’ ಅಂದರು ಅವಳ ಅಪ್ಪ. ಮಳೆಗಾಲ ಮುಗಿಯಿತು, ಸುಗ್ಗಿ ಬಂತು. ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳು ಶಾಲೆ ಬಿಟ್ಟ ಕಾರಣ ‘ಮನೆಯ ಪರಿಸ್ಥಿತಿ’ ಅಂತಲೋ ಏನೋ ಇರಬಹುದು. ನನಗೆ ಗೊತ್ತಿರುವ ಕಾರಣ ಒಂದು ರೇನ್‌ಕೋಟು.

ಇಷ್ಟು ಹೇಳಿದರೆ ಮೊದಲು ಬರುವ ಮಾತು, ‘ಛತ್ರಿ ಇಲ್ವಾ?’ ಈ ಮಾತನ್ನು ಸೈಕಲ್ ತುಳಿಯದವರು ಮಾತ್ರ ಕೇಳಲು ಸಾಧ್ಯ. ಎರಡನೆಯದು ಈಚಿನದು: ‘ಶಕ್ತಿ ಯೋಜನೆ ಬಂತಲ್ಲ, ಬಸ್ ಫ್ರೀ, ಇನ್ನು ಸೈಕಲ್ ಯಾಕೆ?’ ಬಸ್ ಟಿಕೆಟ್ ಫ್ರೀ ಆಗಿದ್ದು 2023ರ ಜೂನ್‌ನಲ್ಲಿ, ನಿಜ. ಟಿಕೆಟ್ ಫ್ರೀ ಆದ ಮಾತ್ರಕ್ಕೆ ಬಸ್ ಬರುತ್ತದೆಯೇ? ಜೋಯಿಡಾದ ಡಿಗ್ಗಿ, ಬಜಾರಕುಣಂಗದ ಕಡೆಯವರನ್ನು ಕೇಳಿ. ಅಷ್ಟು ಒಳಗೆ ಹೋಗುವುದೂ ಬೇಡ, ಮುಖ್ಯ ರಸ್ತೆಯಿಂದ ಮೂರ್ನಾಲ್ಕು ಕಿಲೋಮೀಟರು ಒಳಗಿರುವ ಯಾವ ಗೌಳಿವಾಡಕ್ಕಾದರೂ ಹೋಗಿ ಕೇಳಿ. ಬಸ್ ಹತ್ತಲಿಕ್ಕೂ ಮೊದಲು ಬಸ್ ಇರುವಲ್ಲಿಗೆ ಹೋಗಬೇಕು. ಆ ಮೂರ್ನಾಲ್ಕು ಕಿಲೋಮೀಟರೇ ಸೈಕಲ್ಲಿನ ಜಾಗ. ಕೋವಿಡ್ ಬಂದ ವರ್ಷದಿಂದ ಸೈಕಲ್ ಹಂಚಿಕೆ ನಿಂತಿತು. ಮತ್ತೆ ಶುರು ಮಾಡಿ ಅನ್ನುವ ಕೂಗು ಆಗಾಗ ಏಳುತ್ತದೆ. ನಾನೂ ಆ ಕೂಗಿನಲ್ಲಿ ಸೇರುತ್ತೇನೆ. ಆದರೆ ಈ ಸಲ ಬರೀ ಸೈಕಲ್ ಅಂತ ಕೂಗುವುದಿಲ್ಲ.

ಇನ್ನು ಅಂಗಡಿಯ ವಿಷಯ. ಮೇ ಕೊನೆಯ ವಾರ ನಮ್ಮ ಯಾವ ಪೇಟೆಗೆ ಹೋದರೂ ಅಂಗಡಿ ಮುಂದೆ ರೇನ್‌ಕೋಟು ತೂಗಿರುತ್ತವೆ. ಗಂಡಸರಿಗೆ ಪ್ಯಾಂಟು-ಜಾಕೆಟ್ ಬೇರೆ ಬೇರೆ. ಕಾಲಿನ ತುದಿಗೆ ಬಟನ್ನೋ ಎಲಾಸ್ಟಿಕ್ಕೋ ಇರುತ್ತದೆ. ‘ಲೇಡೀಸ್’ ಕೇಳಿದರೆ ಕೊಡುವುದು ಉದ್ದ ನಿಲುವಂಗಿ. ಗುಲಾಬಿ ಬಣ್ಣ, ಮೇಲೆ ಚಿಟ್ಟೆ, ಜೇಬಿಲ್ಲ. ನಿಂತು ಬಸ್ ಕಾಯುವವಳಿಗೆ ಅದು ಸಾಕು. ಸೈಕಲ್ ಹತ್ತಿದ ಕೂಡಲೇ ಅದರ ಮುಂಭಾಗ ಎರಡು ಹೋಳಾಗಿ ತೊಡೆ ನೆನೆಯುತ್ತದೆ, ಹಿಂಭಾಗ ಗಾಲಿಗೆ ಹೋಗುತ್ತದೆ. ನನ್ನದು ಮೊದಲ ವಾರವೇ ಚೈನಿಗೆ ಸಿಕ್ಕಿ ಹರಿಯಿತು, ನಾನು ರಸ್ತೆ ಬದಿಯ ಕೆಸರಿಗೆ ಬಿದ್ದೆ. ಮೊಣಕೈ ಗಾಯಕ್ಕಿಂತ ಅಪ್ಪನ ಇನ್ನೂರು ರೂಪಾಯಿ ಹೋಯಿತಲ್ಲ ಅಂತ ಅತ್ತಿದ್ದೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಹೆಣ್ಣು ಮಳೆಯಲ್ಲಿ ನಿಂತಿರುತ್ತಾಳೆ, ಗಂಡು ಮಳೆಯಲ್ಲಿ ಹೋಗುತ್ತಿರುತ್ತಾನೆ ಅಂತ ರೇನ್‌ಕೋಟು ಹೊಲಿಯುವವರೇ ತೀರ್ಮಾನಿಸಿದ್ದಾರೆ.

ಇದು ನಮ್ಮ ಬಡ ಪೇಟೆಗಳ ರೋಗ ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ಗಣೇಶಗುಡಿಯ ಚಹಾ ಅಂಗಡಿಯಲ್ಲಿ ಬೆಂಗಳೂರಿನ ಒಬ್ಬ ಹೆಣ್ಣುಮಗಳು ಸಿಕ್ಕರು. ಗೇರಿನ ಮೌಂಟೇನ್ ಬೈಕ್ ತಂದಿದ್ದರು. ಕಾಡಿನ ಮಣ್ಣುದಾರಿಯಲ್ಲಿ ಮಳೆಗಾಲದಲ್ಲೇ ತುಳಿಯುವುದು ಅವರ ಹುಚ್ಚು. ಮೈಮೇಲಿದ್ದ ಜಾಕೆಟ್ಟಿನ ಬೆಲೆ ನಮ್ಮೂರ ಒಂದು ಆಕಳಿನ ಬೆಲೆಗೆ ಹತ್ತಿರ. ಅದು ಗಂಡಸರ ಸ್ಮಾಲ್ ಸೈಜಂತೆ. ಯಾಕೆ ಅಂದೆ. ‘ನಮಗೆ ಅಂತ ಮಾಡಿದ್ದರಲ್ಲಿ ಸೊಂಟ ಚೆಂದ ಕಾಣಲಿ ಅಂತ ಗಿಡ್ಡ ಮಾಡ್ತಾರೆ, ಬಗ್ಗಿ ತುಳಿದರೆ ಬೆನ್ನು ಹೊರಗೆ. ಕಂಕುಳ ಹತ್ತಿರ ಗಾಳಿ ಆಡೋ ಜಿಪ್ ಇರಲ್ಲ. ದುಡ್ಡು ಮಾತ್ರ ಅಷ್ಟೇ’ ಅಂದರು. ಆಕಳಿನ ಬೆಲೆ ಕೊಟ್ಟವರಿಗೂ ಚಿಟ್ಟೆಯ ರೇನ್‌ಕೋಟೇ ಸಿಕ್ಕಿದೆ ಅಂದಾಯಿತು. ನಾನು ಗೊಬ್ಬರದ ಚೀಲದ ಕಥೆ ಹೇಳಿದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಒಂದು ತಾಸು ಕೂತು ಹೇಳಿಕೊಟ್ಟಿದ್ದನ್ನು ಎಂಟನೇ ಇಯತ್ತೆಯಲ್ಲಿ ಯಾರಾದರೂ ಹೇಳಿದ್ದರೆ ಅನ್ನಿಸಿತು.

ಮಳೆಯಲ್ಲಿ ಸೈಕಲ್ ತುಳಿಯುವವರಿಗೆ ಶತ್ರು ಮಳೆಯೊಂದೇ ಅಲ್ಲ, ಬೆವರು ಕೂಡ. ಏರಿನಲ್ಲಿ ತುಳಿದಾಗ ಪ್ಲಾಸ್ಟಿಕ್ ಕೋಟಿನ ಒಳಗೆ ಬೆವರು ಹರಿಯುತ್ತದೆ. ಇಳಿಜಾರಿಗೆ ಬಂದಾಗ ಅದೇ ಬೆವರಿನ ಮೇಲೆ ಗಾಳಿ ಹೊಡೆದು ಮೈ ನಡುಗುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಹಿಮ ಬೀಳದಿದ್ದರೂ ಹಲ್ಲು ಕಟಕಟ ಅನ್ನುವುದು ಇದಕ್ಕೇ. ಹತ್ತಿ ಬಟ್ಟೆ ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಒಣಗುವುದಿಲ್ಲ. ಉಣ್ಣೆ ಹಾಗಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ತಣ್ಣಗೆ ತಾಗುವುದಿಲ್ಲ. ದುಬಾರಿ ಜಾಕೆಟ್ಟುಗಳ ಮೇಲೆ 5,000, 10,000 ಮಿಲಿಮೀಟರ್ ಅಂತ ಬರೆದಿರುವುದು ಮಳೆಯ ಲೆಕ್ಕವಲ್ಲ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ಸೋರಲು ಶುರುವಾಗುತ್ತದೆ ಅನ್ನುವ ಲೆಕ್ಕ. ನಮಗೆ ಆ ಅಂಕಿ ಬೇಕಿಲ್ಲ, ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದಾರೋ ಇಲ್ಲವೋ ನೋಡಿದರೆ ಸಾಕು. ನೀರು ಮೊದಲು ಬರುವುದು ಸೂಜಿ ತೂತಿನಿಂದ.

ಉಣ್ಣೆಯ ಮಾತು ಬಂದಾಗ ನನಗೆ ಅಜ್ಜಿ ನೆನಪಾದಳು. ಮಳೆಗೆ ಕಂಬಳಿಯನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ದನ ಹೊಡೆದುಕೊಂಡು ಹೋಗುತ್ತಿದ್ದವಳು. ಕೊಪ್ಪೆಯಲ್ಲಿ ಎರಡೂ ಕೈ ಖಾಲಿ, ಬೆನ್ನು ಬೆಚ್ಚಗೆ. ಘಟ್ಟದ ಕಡೆ ನಾಟಿ ಮಾಡುವ ಹೆಂಗಸರಿಗೆ ಗೊರಬು ಇತ್ತು. ಬಗ್ಗಿ ಕೆಲಸ ಮಾಡುವವರಿಗೆ ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವಂತೆ ಹೆಣೆದದ್ದು. ಬೆಂಗಳೂರಿನ ಆ ಜಾಕೆಟ್ಟಿನ ದರ್ಜಿಗೆ ಹೊಳೆಯದ ಸಂಗತಿ ಗೊರಬು ಹೆಣೆದವರಿಗೆ ಹೊಳೆದಿತ್ತು. ಹೆಂಗಸು ಬಗ್ಗಿ ಕೆಲಸ ಮಾಡುತ್ತಾಳೆ, ಅವಳ ಬೆನ್ನು ನೆನೆಯುತ್ತದೆ.

ಕೊಪ್ಪೆ ಹಾಕಿಕೊಂಡು ಸೈಕಲ್ ತುಳಿಯಿರಿ ಅನ್ನುತ್ತಿಲ್ಲ. ಗಾಳಿಗೆ ಹಾರುತ್ತದೆ, ನೆನೆದ ಕಂಬಳಿ ಹೆಣಭಾರ. ನಾನು ಕೇಳುವುದು ಬೇರೆ. ನಮ್ಮ ಕಡೆಯ ಗೌಳಿ ಹೆಂಗಸರು ಕಚ್ಚೆ ಸೀರೆ ಉಟ್ಟು ಹಾಲಿನ ಕ್ಯಾನು ಹೊತ್ತು ಕಾಡಿನ ದಾರಿ ನಡೆದವರು. ಜೋಯಿಡಾದ ಹಳೆಯ ಕುಣಬಿ ಹೆಂಗಸರ ಸೀರೆ ಮೊಣಕಾಲಿನ ಹತ್ತಿರಕ್ಕೇ ನಿಲ್ಲುತ್ತಿತ್ತು. ಕಾಲು ಆಡಬೇಕು, ಬಟ್ಟೆ ಕೆಸರಿಗೆ ತಾಗಬಾರದು ಅನ್ನುವ ಬುದ್ಧಿ ಅದರಲ್ಲಿತ್ತು. ಅವರನ್ನು ಯಾರೂ ಮರ್ಯಾದೆಗೆಟ್ಟವರು ಅನ್ನಲಿಲ್ಲ. ಅವರ ಮೊಮ್ಮಗಳು ಶಾಲೆಗೆ ಹೊರಟಾಗ ಮಾತ್ರ ಪಾದ ಮುಚ್ಚುವ ಬಟ್ಟೆ, ಅದರ ಮೇಲೊಂದು ದುಪಟ್ಟಾ, ಅದಕ್ಕೆರಡು ಪಿನ್ನು. ‘ನಮ್ಮ ಸಂಸ್ಕೃತಿ’ ಅನ್ನುವವರು ಯಾರ ಸಂಸ್ಕೃತಿ ಅಂತ ಸ್ವಲ್ಪ ಬಿಡಿಸಿ ಹೇಳಲಿ.

ದುಪಟ್ಟಾ ಗಾಲಿಗೆ ಸಿಕ್ಕಿ ಕತ್ತು ಬಿಗಿದ ಸುದ್ದಿಯನ್ನು ನಾವೇ ಎಷ್ಟು ಸಲ ಒಂದು ಪ್ಯಾರಾದಲ್ಲಿ ಮುಗಿಸಿಲ್ಲ? ಇಸಡೋರಾ ಡಂಕನ್ ಎಂಬ ಹೆಸರಾಂತ ನರ್ತಕಿ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಸತ್ತದ್ದು ಕೊರಳ ವಸ್ತ್ರ ಕಾರಿನ ಗಾಲಿಗೆ ಸುತ್ತಿಕೊಂಡು. ಅದನ್ನು ನೂರು ವರ್ಷವಾದರೂ ಜಗತ್ತು ಹೇಳಿಕೊಳ್ಳುತ್ತದೆ. ನಮ್ಮವರದು ‘ಆಕಸ್ಮಿಕ’.

ಈ ಜಗಳ ಹೊಸದೂ ಅಲ್ಲ. 1851ರಲ್ಲಿ ಅಮೆರಿಕದ ಅಮೀಲಿಯಾ ಬ್ಲೂಮರ್ ಗಿಡ್ಡ ಲಂಗದ ಕೆಳಗೆ ಸಡಿಲ ಪೈಜಾಮ ತೊಡುವ ಉಡುಪನ್ನು ತನ್ನ ‘ದಿ ಲಿಲಿ’ ಪತ್ರಿಕೆಯಲ್ಲಿ ಎತ್ತಿ ಹಿಡಿದಳು. ಅವಳ ಹೆಸರೇ ಆ ಉಡುಪಿಗೆ ಬಿತ್ತು. ಅವಳು ಪತ್ರಕರ್ತೆ ಅನ್ನುವುದನ್ನು ನಮ್ಮ ಗೆಳೆಯರು ಗಮನಿಸಬೇಕು. 1898ರಲ್ಲಿ ಇಂಗ್ಲೆಂಡಿನ ಲೇಡಿ ಹಾರ್ಬರ್ಟನ್ ಅಂಥದೇ ಉಡುಪಿನಲ್ಲಿ ಸೈಕಲ್ ತುಳಿದು ಬಂದಾಗ ಸರ‍್ರೆಯ ಒಂದು ಹೋಟೆಲಿನಲ್ಲಿ ಕಾಫಿ ರೂಮಿಗೆ ಬಿಡಲಿಲ್ಲ. ವಿಷಯ ಕೋರ್ಟಿಗೆ ಹೋಯಿತು, ಹೋಟೆಲಿನ ಕಡೆಯೇ ಗೆದ್ದಿತು. ಲೇಡಿ ಅನ್ನಿಸಿಕೊಂಡವಳ ಗತಿ ಹೀಗಾದರೆ ಸಾಂಬ್ರಾಣಿಯ ಹುಡುಗಿಯದೇನು!

ನಮ್ಮಲ್ಲಿ ಆ ಕಾಫಿ ರೂಮಿನ ಬಾಗಿಲು ಕಾಯುವವರು ಶಾಲೆಯ ಗೇಟಿನಲ್ಲಿ ನಿಂತಿರುತ್ತಾರೆ. ನಾನು ಒಂಬತ್ತನೆಯಲ್ಲಿದ್ದಾಗ ಅಣ್ಣನ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಚೂಡಿದಾರವನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಶಾಲೆಯಲ್ಲಿ ಬದಲಾಯಿಸುವ ವಿಚಾರ. ಗೇಟಿನಲ್ಲೇ ಸರ್ ನಿಲ್ಲಿಸಿದರು. ‘ಯೂನಿಫಾರ್ಮ್ ಅಂದ್ರ ಯೂನಿಫಾರ್ಮವಾ. ಗಂಡುಡುಗರ ಪ್ಯಾಂಟ ಹಾಕ್ಕೊಂಡು ಬಂದ್ರ ನಾಳೆ ಎಲ್ಲಾರೂ ಹಿಂಗs ಬರ್ತಾರ.’ ಎಲ್ಲರೂ ಹಾಗೇ ಬರಲಿ ಅಂತಲೇ ನನ್ನ ಆಸೆ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಬದಲಾಯಿಸಲು ಕೋಣೆ ಎಲ್ಲಿದೆ ಅಂತ ಕೇಳುವ ಧೈರ್ಯವೂ ಇರಲಿಲ್ಲ. ಕೋಣೆ ಇರಲೂ ಇಲ್ಲ. ಸರ್ ಕೆಟ್ಟವರಲ್ಲ. ಗಣಿತ ಚೆನ್ನಾಗಿ ಹೇಳಿಕೊಟ್ಟವರು. ಅವರು ಬೈಕಿನಲ್ಲಿ ಬರುತ್ತಿದ್ದರು, ಪ್ಯಾಂಟು-ಜಾಕೆಟ್ಟಿನ ರೇನ್‌ಕೋಟು ಹಾಕಿಕೊಂಡು.

ಈ ಜೂನಿಗೆ ಮಗಳನ್ನು ಸೈಕಲ್ ಮೇಲೆ ಕಳಿಸುವ ಅಪ್ಪ-ಅವ್ವಂದಿರಿಗೆ ನೇರ ಮಾತು. ಲೇಡೀಸ್ ರೇನ್‌ಕೋಟು ತರಬೇಡಿ. ಗಂಡಸರ ಅಥವಾ ಹುಡುಗರ ಪ್ಯಾಂಟು-ಜಾಕೆಟ್ಟೇ ತನ್ನಿ, ಒಂದು ಸೈಜು ದೊಡ್ಡದು, ಬೆನ್ನು ಉದ್ದ ಇರುವಂಥದ್ದು. ಅಂಗಡಿಯಲ್ಲೇ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಮುಂದೆ ಬಗ್ಗಲು ಹೇಳಿ, ಸೊಂಟ ಕಂಡರೆ ವಾಪಸ್ ಕೊಡಿ. ಬಲಗಾಲಿನ ತುದಿಗೆ ಒಂದು ರಬ್ಬರ್ ಪಟ್ಟಿ ಬಿಗಿಯಿರಿ, ಚೈನಿರುವುದು ಆ ಕಡೆ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ನಮ್ಮ ರಸ್ತೆಗಳಲ್ಲಿ ಮರಳು, ಕಬ್ಬು, ಕಟ್ಟಿಗೆ ಲಾರಿಗಳು ಮಂಜಿನಲ್ಲಿ ಹೇಗೆ ಬರುತ್ತವೆ ಅಂತ ಹೇಳಬೇಕಿಲ್ಲ. ಕಪ್ಪು ರೇನ್‌ಕೋಟು ಕೊಳೆ ಕಾಣುವುದಿಲ್ಲ ಅಂತ ಕೊಳ್ಳುತ್ತೇವೆ, ಹಾಕಿಕೊಂಡವಳೂ ಕಾಣುವುದಿಲ್ಲ. ಟೊಪ್ಪಿಗೆಯ ಒಳಗೆ ಮುಂಚಾಚಿರುವ ಕ್ಯಾಪ್ ಹಾಕಿದರೆ ಕಣ್ಣಿಗೆ ನೀರು ಹೊಡೆಯುವುದಿಲ್ಲ, ಪಕ್ಕ ನೋಡಿದಾಗ ಟೊಪ್ಪಿಗೆಯೂ ತಲೆಯೊಟ್ಟಿಗೆ ತಿರುಗುತ್ತದೆ. ಒಳಗೆ ಹತ್ತಿ ಬನಿಯನ್ ಬೇಡ, ಆಟಕ್ಕೆ ಹಾಕುವ ಪಾಲಿಯೆಸ್ಟರ್ ಟಿ-ಶರ್ಟ್ ಸಾಕು. ಡಿಸೆಂಬರಿನ ಬೆಳಗಿನ ಚಳಿಗೆ ಅದರ ಮೇಲೊಂದು ಸ್ವೆಟರ್. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರಲ್ಲಿ ಸ್ವೆಟರ್ ವ್ಯಾಪಾರ ಬಲ್ಲವರು ಬಹಳ ಮಂದಿ. ಉಣ್ಣೆ ಯಾವುದು, ಅಕ್ರಿಲಿಕ್ ಯಾವುದು ಅಂತ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ ನನಗೆ. ಕ್ಯಾನ್ವಾಸ್ ಶೂ ಮಳೆಗಾಲಕ್ಕೆ ಬೇಡವೇ ಬೇಡ, ಹಿಂದೆ ಪಟ್ಟಿ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಹಾಕಲಿ. ಉಂಬಳ ಇರುವ ದಾರಿಯಾದರೆ ಸುಣ್ಣ-ತಂಬಾಕಿನ ಉಪಾಯ ನಿಮಗೇ ಗೊತ್ತು. ಒಣ ಸಮವಸ್ತ್ರ, ಒಣ ಒಳಬಟ್ಟೆ, ಒಂದು ಪಂಜೆ ತುಂಡು ಇಷ್ಟನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಕೊಡಿ. ಆ ಚೀಲಕ್ಕೆ ಅದೇ ಸರಿಯಾದ ಕೆಲಸ.

ಒದ್ದೆ ರಿಮ್ಮಿನ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ ಅನ್ನುವುದನ್ನೂ ಹೇಳಿಕೊಡಿ. ನನಗೆ ಅದನ್ನು ಒಂದು ಎಮ್ಮೆ ಹೇಳಿಕೊಟ್ಟಿತು.

ಆದರೆ ಇದೆಲ್ಲ ಅಪ್ಪ-ಅವ್ವಂದಿರ ಜೇಬಿಗೆ ಬಿಟ್ಟು ಕೈತೊಳೆದುಕೊಳ್ಳುವ ವಿಷಯವಲ್ಲ. ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಬರುವ ಪ್ರವಾಸಿಯನ್ನು ಲೈಫ್ ಜಾಕೆಟ್ ಇಲ್ಲದೆ ಇಳಿಸಬಾರದು. ಯಾಕೆಂದರೆ ದೋಣಿ ಕೊಟ್ಟವರಿಗೆ ನೀರಿನ ಜವಾಬ್ದಾರಿಯೂ ಇದೆ. ಸೈಕಲ್ ಕೊಟ್ಟವರಿಗೆ ಮಳೆಯ ಜವಾಬ್ದಾರಿ ಇಲ್ಲವೇ? ಬಿಹಾರ ಸರ್ಕಾರವೂ 2006ರಲ್ಲಿ ಹುಡುಗಿಯರಿಗೆ ಸೈಕಲ್ಲಿಗೆ ಹಣ ಕೊಡಲು ಶುರು ಮಾಡಿತು. ಅದರಿಂದ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ 30ರಷ್ಟು ಏರಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಅವರ ಅಧ್ಯಯನ ತೋರಿಸಿದೆ. ದಾರಿಯ ದೂರ ಹುಡುಗಿಯನ್ನು ಶಾಲೆಯಿಂದ ತಡೆಯುತ್ತದೆ ಅಂತ ಒಪ್ಪಿ ಸೈಕಲ್ ಕೊಡುವುದಾದರೆ, ಅದೇ ದಾರಿಯಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆ ಯಾಕೆ ಲೆಕ್ಕಕ್ಕಿಲ್ಲ?

ಸೈಕಲ್ಲಿನ ಬೆಲೆಯ ಪಕ್ಕ ಒಂದು ಗಟ್ಟಿ ರೇನ್‌ಕೋಟಿನ ಬೆಲೆ ಇಟ್ಟು ನೋಡಿ. ಹೊರಗಿನಿಂದ ಟೆಂಡರ್ ಕರೆಯಲೇಬೇಕೆಂದೂ ಇಲ್ಲ. ಹಳಿಯಾಳ, ಮುಂಡಗೋಡದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಸ್ವಸಹಾಯ ಸಂಘಗಳಿವೆ. ಹಳೆಯ ಬಟ್ಟೆ ತುಂಡುಗಳನ್ನು ಸೇರಿಸಿ ಕವದಿ ಹೊಲಿಯುವ ಸಿದ್ದಿ ಹೆಂಗಸರ ಕೈಕೆಲಸವನ್ನು ವಿದೇಶದವರು ಬಂದು ನೋಡಿ ಹೋಗುತ್ತಾರೆ. ಟೇಪ್ ಹಾಕಿದ ಹೊಲಿಗೆ ಅವರಿಗೆ ಕಲಿಸಿದರೆ ಬಾರದ್ದೇನೂ ಅಲ್ಲ. ಜೊತೆಗೆ ದುಡ್ಡು ಬೇಡದ ಎರಡು ಕೆಲಸ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಡುಗಿಯರು ಟ್ರ್ಯಾಕ್ ಪ್ಯಾಂಟಿನಲ್ಲಿ ಶಾಲೆಗೆ ಬರಬಹುದು ಅಂತ ಒಂದು ಸುತ್ತೋಲೆ. ಬಿಸಿಯೂಟದ ಅಡುಗೆಮನೆಯ ಪಕ್ಕ, ಒಲೆಯ ಕಾವು ತಾಗುವಲ್ಲಿ, ಬಟ್ಟೆ ಒಣಹಾಕಲು ಒಂದು ತಂತಿ ಮತ್ತು ಬಟ್ಟೆ ಬದಲಾಯಿಸಲು ಚಿಲಕ ಇರುವ ಒಂದು ಬಾಗಿಲು.

ನಮ್ಮ ಬ್ಯಾಚಿನವರು ಈಗ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದಲ್ಲ ಒಂದು ಪತ್ರಿಕೆಗೆ ಬರೆಯುತ್ತಿದ್ದಾರೆ. ‘ಭಾರೀ ಮಳೆ, ನಾಳೆ ಶಾಲೆಗಳಿಗೆ ರಜೆ’ ಅನ್ನುವುದನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಹತ್ತು ನಿಮಿಷದಲ್ಲಿ ತರಿಸುತ್ತೇವೆ. ರಜೆ ಇಲ್ಲದ ಮಳೆಯ ದಿನ ಹುಡುಗಿಯರ ಹಾಜರಿ ಎಷ್ಟು, ಹುಡುಗರದೆಷ್ಟು ಅಂತ ಒಂದು ಶಾಲೆಯಲ್ಲಾದರೂ ರಿಜಿಸ್ಟರ್ ತೆಗೆಸಿ ನೋಡಿದ್ದೇವೆಯೇ? ನಾನು ನೋಡಿಲ್ಲ. ಸಾಯಿನಾಥರು ಪುದುಕೋಟೆಯ ಹೆಂಗಸರ ಸೈಕಲ್ಲಿನ ಬಗ್ಗೆ ಬರೆದದ್ದನ್ನು ಕ್ಲಾಸಿನಲ್ಲಿ ಓದಿ ಚಪ್ಪಾಳೆ ಹೊಡೆದವರು ನಾವು. ನಮ್ಮೂರಿನ ಸೈಕಲ್ ಕಂಡಾಗ ಸಂಭ್ರಮ ಅಂತ ಬರೆದು ಬಂದೆವು.

ನನ್ನ ಹಳೆಯ ಸೈಕಲ್ಲಿಗೆ ಹೊಸ ಟೈರು, ಹೊಸ ಚೈನ್ ಕವರ್ ಹಾಕಿಸಿ ಚಿಕ್ಕಮ್ಮನ ಮಗಳಿಗೆ ಕೊಟ್ಟಿದ್ದೇನೆ. ಅವಳು ಈ ವರ್ಷ ಒಂಬತ್ತನೇ ಇಯತ್ತೆ. ಹುಡುಗರ ಕಿತ್ತಳೆ ಬಣ್ಣದ ರೇನ್‌ಕೋಟು, ಎರಡು ಟ್ರ್ಯಾಕ್ ಪ್ಯಾಂಟು ತಂದದ್ದಾಯಿತು. ಪ್ಯಾಂಟ್ ಹಾಕಿಕೊಂಡು ಬರಬಹುದೇ ಎಂದು ಹೆಡ್‌ಮಾಸ್ತರರಿಗೆ ಚಿಕ್ಕಪ್ಪನ ಸಹಿಯ ಒಂದು ಅರ್ಜಿ ಬರೆದು ಕೊಟ್ಟು ಬಂದಿದ್ದೇನೆ. ‘ಎಸ್‌ಡಿಎಂಸಿ ಸಭೆಯೊಳಗ ಇಡ್ತೀನವಾ, ನೋಡೂಣು’ ಅಂದಿದ್ದಾರೆ. ಸಭೆ ಯಾವತ್ತು ಅಂತ ಕೇಳಿದ್ದಕ್ಕೆ, ಮಳೆ ಕಮ್ಮಿಯಾದ ಮೇಲೆ ಅಂದರು.